ಎಣ್ಣೆ ಹಚ್ಚಿದ ಬೂಟು

ಸಂದರ್ಶನದ ಪತ್ರ ಇಂಗ್ಲಿಷಿನಲ್ಲಿತ್ತು. ಅಪ್ಪನಿಗಾಗಿ ಅದನ್ನು ಕನ್ನಡದಲ್ಲಿ ಎರಡು ಸಲ ಹೇಳಿದೆ. ಕಾರವಾರದ ಬಂದರಿನ ಹತ್ತಿರ ಕಾಕಂಬಿ ಮತ್ತು ಅಡುಗೆ ಎಣ್ಣೆ ತುಂಬಿಡುವ ಟ್ಯಾಂಕುಗಳಿದ್ದ ಒಂದು ಖಾಸಗಿ ಕಂಪನಿ. ಅದರ ಪ್ರಯೋಗಾಲಯಕ್ಕೆ ಒಬ್ಬರು ಸಹಾಯಕರು ಬೇಕು. ಜೂನ್ ಮೊದಲ ವಾರ ಬರಬೇಕು, ಅಂಕಪಟ್ಟಿಗಳ ಮೂಲಪ್ರತಿ ತರಬೇಕು. ಕೊನೆಯ ಸಾಲಿನಲ್ಲಿ, ಬೆರಳು ಹಿಮ್ಮಡಿ ಮುಚ್ಚುವ ಚರ್ಮದ ಕಪ್ಪು ಬೂಟು ಹಾಕಿಕೊಂಡು ಬರಬೇಕು ಎಂದಿತ್ತು.

"ಬೂಟು ಎಂತಕೆ?" ಎಂದು ಅಪ್ಪ ಕೇಳಿದ.

"ಗೊತ್ತಿಲ್ಲ. ಶಿಸ್ತಿಗೆ ಇರಬೇಕು" ಎಂದೆ.

ಬೊಬ್ರುವಾಡದ ಕಡಲ ಬದಿಯ ನಮ್ಮ ಮನೆಗೆ ಅಲ್ಲಿಯವರೆಗೆ ಬೂಟು ಬಂದಿರಲಿಲ್ಲ. ಅಪ್ಪ ಮರಳಿನ ಮೇಲೆ ಬರಿಗಾಲಲ್ಲೇ ನಡೆಯುತ್ತಿದ್ದ. ಆಯಿ ಅಂಕೋಲೆಯ ಪೇಟೆಗೆ ಮೀನಿನ ಬುಟ್ಟಿ ಹೊತ್ತು ಹೋಗುವಾಗ ಹವಾಯಿ ಚಪ್ಪಲಿ ಹಾಕುತ್ತಿದ್ದಳು. ಧಾರವಾಡದಲ್ಲಿ ಎರಡು ವರ್ಷ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡುವಾಗಲೂ ನಾನು ಸ್ಯಾಂಡಲ್ಲಿನಲ್ಲೇ ಕಳೆದಿದ್ದೆ. ಅಲ್ಲಿಂದ ಬಂದು ಎರಡು ವರ್ಷವಾಗಿತ್ತು. ನಾಲ್ಕು ಕಡೆ ಸಂದರ್ಶನಕ್ಕೆ ಕರೆದಿದ್ದರು, ನಾಲ್ಕೂ ಕಡೆ ಆಗಿರಲಿಲ್ಲ. ಭಾವಿಕೇರಿಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದೆ.

ಆ ವರ್ಷ ತಂಗಿ ಪಿಯುಸಿ ಮುಗಿಸಿದ್ದಳು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಬೇಕೆಂದು ಅರ್ಜಿಯನ್ನೂ ತರಿಸಿಕೊಂಡಿದ್ದಳು. ಜುಲೈ ಮೊದಲ ವಾರದೊಳಗೆ ಸೇರಬೇಕು. ಅಪ್ಪ ಸಿಟ್ಟಿನಿಂದಲ್ಲ, ಬಲೆ ಹೆಣೆಯುತ್ತ ಕೂತಲ್ಲೇ ಹೇಳಿದ್ದ: "ಒಬ್ಳು ಕಲೀಬೇಕು ಅಂದ್ರೆ ಒಬ್ಳು ದುಡೀಬೇಕು. ದೊಡ್ಡವಳಿಗೆ ಈ ಕೆಲ್ಸ ಆದ್ರೆ ಸಣ್ಣವಳು ಹುಬ್ಬಳ್ಳಿಗೆ ಹೋಗ್ಲಿ. ಆಗಿಲ್ಲಾ, ಚಿಕ್ಕಮ್ಮನ ಸಂಗ್ತಿಗೆ ಸಿಗಡಿ ಶೆಡ್ಡಿಗೆ ಹೋಗ್ಲಿ. ಎರಡೂ ನನ್ ಹತ್ರ ಆಗೂದಿಲ್ಲ." ಚಿಕ್ಕಮ್ಮ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಅವಳ ಬೆರಳ ತುದಿಗಳು ಸದಾ ಬಿಳುಚಿಕೊಂಡು ಒಡೆದಿರುತ್ತಿದ್ದವು. ಮಾತಿಗೊಮ್ಮೆ ನಗಿಸುತ್ತಿದ್ದ ತಂಗಿ ಆ ದಿನ ಬಾವಿಯ ಹತ್ತಿರ ಬಹಳ ಹೊತ್ತು ನಿಂತಿದ್ದಳು.

ನನ್ನ ಹತ್ತಿರ ಟ್ಯೂಷನ್ನಿನ ಐನೂರ ನಲವತ್ತು ರೂಪಾಯಿ ಇತ್ತು. ಬೂಟು ಕೊಳ್ಳಲು ನಾನೂ ತಂಗಿಯೂ ಕಾರವಾರಕ್ಕೆ ಹೋಗಿ ಬರುವ ಬಸ್ಸಿಗೆ ಎಷ್ಟು, ಸಂದರ್ಶನದ ದಿನದ ಬಸ್ಸಿಗೆ ಎಷ್ಟು, ಅಂಕಪಟ್ಟಿಗಳ ಜೆರಾಕ್ಸಿಗೆ ಎಷ್ಟು ಎಂದು ತೆಗೆದಿಟ್ಟ ಮೇಲೆ ಬೂಟಿಗೆ ನಾನೂರು ಉಳಿಯಿತು. ಕಾರವಾರದ ಗ್ರೀನ್ ಸ್ಟ್ರೀಟಿನ ಮೂರು ಅಂಗಡಿ ಹತ್ತಿ ಇಳಿದೆವು. ಹೆಂಗಸರಿಗೆಂದು ಇದ್ದದ್ದೆಲ್ಲ ಮದುವೆಗೆ ಹಾಕುವ ಹೊಳೆಯುವ ಚಪ್ಪಲಿ. ನಾಲ್ಕನೆಯ ಅಂಗಡಿಯವನು ಮೊದಲು ಶಾಲೆಯ ಹುಡುಗಿಯರ ಬಕಲ್ ಬೂಟು ತೆಗೆದು ತೋರಿಸಿದ.

"ಇದಕ್ಕೆ ಎರಡು ಜಡೆ, ರಿಬ್ಬನ್ನೂ ಬೇಕು" ಎಂದಳು ತಂಗಿ.

ಅವನು ನಗುತ್ತ ಒಳಗಿಂದ ಎರಡು ಜೊತೆ ತಂದ. ಒಂದು ರೆಕ್ಸಿನ್ನಿನದು, ಇನ್ನೂರ ಎಂಬತ್ತು. ಇನ್ನೊಂದು ಚರ್ಮದ್ದು, ನಾನೂರ ಐವತ್ತು. ನೋಡಲು ಎರಡೂ ಒಂದೇ ರೀತಿ ಇದ್ದವು. ಬೆರಳಿನಿಂದ ಒತ್ತಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತಿತ್ತು.

"ಇಂಟರ್‌ವ್ಯೂಗೆ ಅಲ್ವಾ? ರೆಕ್ಸಿನ್ ಸಾಕು ತಗಳಿ. ನಿಮ್ಮ ಕಾಲು ಯಾರು ನೋಡ್ತಾರೆ?"

"ನಮ್ಮಕ್ಕ ತಲೆ ಎತ್ತೂದೇ ಇಲ್ಲ" ಎಂದಳು ತಂಗಿ. "ಇವಳು ಎಂತ ನೋಡ್ತಾಳೆ ಅಂದೇಳಿ ಅವ್ರೂ ಅಲ್ಲೇ ನೋಡ್ತಾರೆ. ಕಾಲೇ ಕಾಣೂದು."

ಪತ್ರದಲ್ಲಿ ಚರ್ಮ ಎಂದು ಬರೆದಿತ್ತು. ಬರೆದದ್ದನ್ನು ಬರೆದ ಹಾಗೆ ಮಾಡುವುದು ನನ್ನ ಅಭ್ಯಾಸ. ಚೌಕಾಶಿ ತಂಗಿ ಮಾಡಿದಳು. ನಾನೂರ ಇಪ್ಪತ್ತಕ್ಕೆ ಇಳಿಯಿತು. ಕಡಿಮೆ ಬಿದ್ದ ಇಪ್ಪತ್ತನ್ನು ಅವಳೇ ತನ್ನ ಕರ್ಚೀಫಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ಮರಳಿನಲ್ಲಿ ಬರಿಗಾಲಲ್ಲಿ ನಡೆದು ಹರಡಿಕೊಂಡ ನನ್ನ ಪಾದ ಆ ಬೂಟಿನೊಳಗೆ ಹೋಯಿತು, ಆದರೆ ಹಿಮ್ಮಡಿ ಕಚ್ಚುತ್ತಿತ್ತು. ಹಾಕುತ್ತ ಹಾಕುತ್ತ ಚರ್ಮ ಬಿಡುತ್ತದೆ ಎಂದು ಅಂಗಡಿಯವನು ಹೇಳಿದ.

ಜೂನ್ ಒಂದನೇ ತಾರೀಖು ಓಣಿಯ ಕಿರಾಣಿ ಅಂಗಡಿಗೆ ಫೋನು ಬಂತು. ಸಂದರ್ಶನ ಮೂರು ವಾರ ಮುಂದೆ ಹೋಗಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಬೂಟನ್ನು ಡಬ್ಬದಲ್ಲಿಟ್ಟು ಕಪಾಟಿನ ಮೇಲಿಟ್ಟಿದ್ದೆ. ಒಂದು ವಾರ ಬಿಟ್ಟು ತೆಗೆದರೆ ಬೂಟಿನ ಮೂತಿಯ ಮೇಲೆ ಬೂದು ಬಣ್ಣದ ಬೂಸ್ಟು ಬಂದಿತ್ತು. ಬಟ್ಟೆಯಿಂದ ಒರೆಸಿ, ಹಾಕಿಕೊಂಡು ಒಳಗೇ ನಡೆದಾಡಿ ನೋಡಿದೆ. ಹಿಮ್ಮಡಿಯ ತೊಗಲು ಸುಲಿದು ರಕ್ತ ಬಂತು. ಅಪ್ಪ ಮೂಲೆಯಲ್ಲಿ ಕೂತು ನೋಡುತ್ತಿದ್ದ.

ಮಳೆಗಾಲಕ್ಕೆ ಮೀನುಗಾರಿಕೆ ನಿಂತಾಗ ದೋಣಿಯನ್ನು ದಂಡೆಯ ಮೇಲಕ್ಕೆ ಎಳೆದು, ಮಗುಚಿ, ಎಣ್ಣೆ ಹಚ್ಚಿ, ಮೇಲೆ ತೆಂಗಿನ ಮಡಲು ಹೊದಿಸುತ್ತಾರೆ. ಎಣ್ಣೆ ಎಂದರೆ ತಾರ್ಲೆ ಮೀನನ್ನು ಬೇಯಿಸಿ ತೆಗೆದದ್ದು. ಅದನ್ನು ಕುಡಿದ ಮರ ನೀರು ಹಿಡಿಯುವುದಿಲ್ಲ, ಬಿರುಕು ಬಿಡುವುದಿಲ್ಲ, ಹುಳ ಮುಟ್ಟುವುದಿಲ್ಲ. ಆ ವರ್ಷ ಆ ಕೆಲಸ ಮುಗಿಸಿ ಅಪ್ಪನ ಹತ್ತಿರ ಒಂದು ತೆಂಗಿನ ಗೆರಟೆಯಷ್ಟು ಎಣ್ಣೆ ಉಳಿದಿತ್ತು.

ಮರುದಿನ ಟ್ಯೂಷನ್ ಮುಗಿಸಿ ಬಂದಾಗ ಬೂಟುಗಳು ಜಗಲಿಯ ಒಂದು ಹಲಗೆಯ ಮೇಲೆ ಮಗುಚಿಕೊಂಡಿದ್ದವು. ಅಪ್ಪ ಬೆರಳುಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ.

"ಎಣ್ಣೆ ಹಾಕಿಟ್ಟೆ. ಒಂದಲ್ಲ, ಮೂರು ಸಲ ಕುಡಿಸ್ದೆ. ಇನ್ನು ನೀರೂ ಹಿಡಿಯೂದಿಲ್ಲ, ಬೂಸ್ಟೂ ಬರೂದಿಲ್ಲ. ಹಿಮ್ಮಡಿ ಕಚ್ಚೂದಿಲ್ಲ, ಹಾಕಿ ನೋಡು ಮಗಾ."

ಹಾಕಿ ನೋಡಿದೆ. ಹಿಮ್ಮಡಿ ಕಚ್ಚಲಿಲ್ಲ. ಚರ್ಮ ಮೆತ್ತಗಾಗಿತ್ತು. ಇಡೀ ತಿಂಗಳಲ್ಲಿ ಅಪ್ಪ ಅಷ್ಟು ಸಮಾಧಾನದಿಂದ ಕೂತದ್ದನ್ನು ನಾನು ನೋಡಿರಲಿಲ್ಲ. ಚಲೋ ಆಯ್ತು ಎಂದೆ.

ಆ ಎಣ್ಣೆ ಏನು ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ಚರ್ಮದೊಳಗೆ ಇಳಿದ ಮೀನಿನೆಣ್ಣೆ ಗಾಳಿಯೊಂದಿಗೆ ಸೇರಿ ದಿನದಿನಕ್ಕೆ ಹಳಸುತ್ತದೆ. ಮೇಲಿಂದ ಎಷ್ಟು ಒರೆಸಿದರೂ ವಾಸನೆ ಒಳಗಿಂದ ಬರುತ್ತಲೇ ಇರುತ್ತದೆ. ಇದನ್ನೇ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಅಂಕ ಪಡೆದಿದ್ದೆ. ಅಪ್ಪ ಇಲ್ಲದ ಹೊತ್ತು ನೋಡಿ ಬೂದಿ ತಿಕ್ಕಿದೆ, ಸಾಬೂನು ಹಚ್ಚಿದೆ, ಲಿಂಬೆ ಹಿಂಡಿದೆ, ಪೌಡರು ತುಂಬಿಟ್ಟೆ. ಬಿಸಿಲಿಗೆ ಇಡೋಣವೆಂದರೆ ಬಿಸಿಲೇ ಇರಲಿಲ್ಲ.

"ಎಂತ ವಾಸ್ನೆನೆ? ನಂಗೆಂತದೂ ಬರೂದಿಲ್ಲ" ಎಂದಳು ಆಯಿ. ದಿನವೂ ಮೀನಿನ ಬುಟ್ಟಿ ಹೊರುವ ಅವಳಿಗೆ ಬರುವ ಹಾಗೂ ಇರಲಿಲ್ಲ.

ತಂಗಿ ಮೂಸಿ ನೋಡಿ, "ಅಕ್ಕಾ, ಇದಕ್ಕೆ ಸ್ವಲ್ಪ ಹುಳಿ ಬಿಟ್ರೆ ಸಾರೇ ಆಗ್ತದೆ" ಎಂದಳು. ಇಬ್ಬರೂ ನಕ್ಕೆವು. ನಕ್ಕ ಮೇಲೆ ಅವಳೇ ಕೇಳಿದಳು, "ಬೇರೆ ತಗಳೂಕೆ ಆಗೂದಿಲ್ವಾ?" ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಭಾವಿಕೇರಿಯ ಅರ್ಧ ಮಕ್ಕಳು ಟ್ಯೂಷನ್ನಿಗೆ ಬರುತ್ತಿರಲಿಲ್ಲ. ಕೇಳಿ ತರೋಣವೆಂದರೆ ನಮ್ಮ ಓಣಿಯ ಯಾವ ಹೆಂಗಸಿಗೂ ಬೂಟಿರಲಿಲ್ಲ.

ಸಂದರ್ಶನದ ಬೆಳಿಗ್ಗೆ ಬೂಟುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಳೆ. ಕಂಪನಿಯ ಗೇಟಿನ ಹೊರಗೆ ಒಂದು ಮುಚ್ಚಿದ ಗೂಡಂಗಡಿಯ ಮಾಡಿನ ಕೆಳಗೆ ನಿಂತು ಬೂಟು ಹಾಕಿಕೊಂಡೆ. ಚಪ್ಪಲಿಯನ್ನು ಅದೇ ಚೀಲಕ್ಕೆ ಹಾಕಿದೆ.

ಕಚೇರಿ ಮತ್ತು ಪ್ರಯೋಗಾಲಯ ಒಂದೇ ಕಟ್ಟಡದಲ್ಲಿದ್ದವು. ಬಾಗಿಲಲ್ಲೇ ಒಂದು ಫಲಕ: ಪಾದರಕ್ಷೆಗಳನ್ನು ಹೊರಗೆ ಬಿಡಿ. ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡು. ಆಗ ಅಲ್ಲಿ ಇದ್ದದ್ದು ಇನ್ನೊಬ್ಬ ಹುಡುಗಿ ಮಾತ್ರ. ಕಾರವಾರದವಳೇ, ಕಾಲೇಜಿನ ಬ್ಯಾಗು ಹಿಡಿದಿದ್ದಳು. ಅವಳು ನೋಡುತ್ತಿದ್ದ ಹಾಗೆ ನಾನು ಬೂಟು ಬಿಚ್ಚಿ ಕೆಳಗಿನ ಸಾಲಿನ ತುದಿಗೆ ಇಟ್ಟೆ. ಆಮೇಲೆ ಮೂವರು ಹುಡುಗರು ಬಂದರು. ಐವರೂ ಜಗಲಿಯ ಬೆಂಚಿನಲ್ಲಿ ಕೂತೆವು.

ಅರ್ಧ ಗಂಟೆಯಾಗಿರಬೇಕು. ನರೆಗೂದಲಿನ ಒಬ್ಬ ಜವಾನ ಚಹದ ಟ್ರೇ ಹಿಡಿದು ಬಂದವನು ಸ್ಟ್ಯಾಂಡಿನ ಹತ್ತಿರ ನಿಂತ.

"ಯಾರ್ರೀ ಇಲ್ಲಿ ಮೀನು ತಂದಿಟ್ಟವ್ರು?"

ಹುಡುಗರು ನಕ್ಕರು. ಅವನು ಟ್ರೇ ಕೆಳಗಿಟ್ಟು, ಬಗ್ಗಿ, ಒಂದೊಂದೇ ಜೊತೆಯ ಹತ್ತಿರ ಮೂಗು ಒಯ್ದು, ನನ್ನ ಬೂಟುಗಳನ್ನು ಎರಡು ಬೆರಳಲ್ಲಿ ಎತ್ತಿದ.

"ಅಯ್ಯಯ್ಯೋ! ಸಾಹೇಬ್ರಿಗೆ ವಾಂತಿ ಬರ್ತದೆ ಇದಕ್ಕೆ. ಯಾರದು?"

"ಬೆಕ್ಕು ಇಂಟರ್‌ವ್ಯೂಗೆ ಬಂದದೆ, ಮಾಮಾ" ಎಂದ ಒಬ್ಬ ಹುಡುಗ.

"ಹೆಂಗಸರ ಬೂಟು ಇದು." ಅವನು ನಮ್ಮಿಬ್ಬರ ಕಡೆ ತಿರುಗಿದ. "ಮೇಡಂ, ನಿಮ್ದಾ?"

ಆ ಹುಡುಗಿ ಮೇಲಿನ ಸಾಲಿನಲ್ಲಿದ್ದ ತನ್ನ ಬೂಟು ತೋರಿಸಿದಳು. ಅವನು ನನ್ನನ್ನು ನೋಡಿದ.

"ಅಲ್ಲ" ಎಂದೆ. ಮಡಿಲಲ್ಲಿದ್ದ ಚೀಲದ ಬಾಯಿ ಬಿಚ್ಚಿ ಹವಾಯಿ ಚಪ್ಪಲಿ ತೋರಿಸಿದೆ. "ನಂದು ಇದು."

ಅವನು ಬೂಟುಗಳನ್ನು ಹೊರಗೆ ಒಯ್ದು ಕಂಪೌಂಡಿನ ಗೋಡೆಯ ಮೇಲೆ ಮಳೆಯಲ್ಲಿ ಇಟ್ಟು ಬಂದು ಕೈ ತೊಳೆದುಕೊಂಡ. ಪಕ್ಕದ ಹುಡುಗಿ ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಕಾಗದಗಳನ್ನು ಸರಿಮಾಡಿಕೊಳ್ಳುತ್ತಿದ್ದಳು. ಅವಳು ಹೇಳಲಿಲ್ಲ ಎನ್ನುವುದಕ್ಕೆ ನಾನು ಇವತ್ತಿಗೂ ಅವಳಿಗೆ ಕೃತಜ್ಞಳಾಗಿರಬೇಕೋ ಏನೋ ತಿಳಿಯದು.

ಒಳಗೆ ಇಬ್ಬರಿದ್ದರು. ಕನ್ನಡಕದ ಹಿರಿಯರು ನನ್ನ ಅಂಕಪಟ್ಟಿ ನೋಡಿ, ಟ್ಯಾಂಕಿನಲ್ಲಿರುವ ಅಡುಗೆ ಎಣ್ಣೆ ಹಳಸಿದೆ ಎಂದು ಹೇಗೆ ಕಂಡುಹಿಡಿಯುತ್ತೀರಿ ಎಂದು ಕೇಳಿದರು. ಮೂರು ವಿಧಾನ ಹೇಳಿದೆ. ಯಾವುದಕ್ಕೆ ಏನು ಬೇಕು, ಯಾವುದು ಯಾವಾಗ ತಪ್ಪು ಉತ್ತರ ಕೊಡುತ್ತದೆ, ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಹಿಂದಿನ ನಾಲ್ಕು ಕಡೆ ಯಾರೂ ನನ್ನ ಮಾತನ್ನು ಹಾಗೆ ಕೇಳಿರಲಿಲ್ಲ. ಕೊನೆಯಲ್ಲಿ ಇನ್ನೊಬ್ಬರ ಕಡೆ ತಿರುಗಿ, "ಇವರಿಗೆ ಸ್ಯಾಂಪಲ್ ತೆಗೆಯೋದು ತೋರಿಸಿ, ಏಣಿ ಹತ್ತುತ್ತಾರಾ ನೋಡೋಣ" ಎಂದರು.

ಬೂಟು ಏಕೆ ಎಂದು ಆಗ ತಿಳಿಯಿತು. ಐವರಲ್ಲಿ ಇಬ್ಬರನ್ನು ಟ್ಯಾಂಕಿನ ಅಂಗಳಕ್ಕೆ ಕರೆದರು, ಆ ಹುಡುಗಿಯನ್ನು ಮತ್ತು ನನ್ನನ್ನು. ನೆಲವೆಲ್ಲ ಕಾಕಂಬಿ ಅಂಟಿ ಜಾರುತ್ತಿತ್ತು. ಮುಚ್ಚಿದ ಬೂಟಿಲ್ಲದೆ ಯಾರನ್ನೂ ಕಬ್ಬಿಣದ ಏಣಿ ಹತ್ತಿಸುತ್ತಿರಲಿಲ್ಲ. ಅಂಗಳದ ಮೇಲ್ವಿಚಾರಕರು ನನ್ನ ಕಾಲಿನ ಹವಾಯಿ ಚಪ್ಪಲಿ ನೋಡಿದರು.

"ಇದರಲ್ಲಿ ಬಿಡೋದಿಲ್ಲ ಅಮ್ಮಾ. ಪತ್ರದಲ್ಲಿ ಬರೆದಿತ್ತಲ್ಲ?"

"ಹೌದು."

"ಮತ್ತೆ? ತಂದಿಲ್ವಾ?"

ಗೋಡೆ ಹತ್ತು ಹೆಜ್ಜೆ ದೂರದಲ್ಲಿತ್ತು. ಮಳೆ ನೀರು ಬೂಟುಗಳ ಮೇಲೆ ನಿಲ್ಲದೆ ಹನಿಹನಿಯಾಗಿ ಉರುಳಿ ಬೀಳುತ್ತಿತ್ತು. ಜವಾನ ಬಾಗಿಲಲ್ಲೇ ನಿಂತು ಬೀಡಿ ಹಚ್ಚುತ್ತಿದ್ದ. ಹೋಗಿ ತರಬೇಕಾದರೆ ಅವನ ಮುಂದೆ ಹಾಯ್ದು ಹೋಗಬೇಕಿತ್ತು.

"ತಂದಿಲ್ಲ" ಎಂದೆ.

ಮೇಲ್ವಿಚಾರಕರು ಆ ಹುಡುಗಿಗೆ ಹೆಲ್ಮೆಟ್ಟು ಕೊಟ್ಟು ಕರೆದುಕೊಂಡು ಹೋದರು. ಅವಳು ಏಣಿಯ ಅರ್ಧಕ್ಕೆ ಹೋಗಿ ಒಮ್ಮೆ ಕೆಳಗೆ ನೋಡಿದಳು. ನಾನು ಗೇಟಿನ ಕಡೆ ನಡೆದೆ.

ಮನೆಯಲ್ಲಿ ಮೂವರೂ ಕಾಯುತ್ತಿದ್ದರು. ಅನುಭವ ಇದ್ದವರು ಬೇಕಂತೆ ಎಂದೆ. ಆಯಿ ಸೆರಗಿನಿಂದ ನನ್ನ ತಲೆ ಒರೆಸಿದಳು. ತಂಗಿ ಅಡುಗೆಮನೆಗೆ ಹೋಗಿ ಅನ್ನ ಬಡಿಸತೊಡಗಿದಳು. ಅಪ್ಪ ಮಾತ್ರ ನನ್ನ ಕೈಯಲ್ಲಿದ್ದ ಖಾಲಿ ಚೀಲ ನೋಡುತ್ತಿದ್ದ.

"ಬೂಟು?"

"ಬಸ್ಸಲ್ಲಿ ಬಿಟ್ಟೆ."

"ಯಾವ ಬಸ್ಸು?"

ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದು ಕಷ್ಟವಿರಲಿಲ್ಲ. ಮೂರೂವರೆಯ ಕುಮಟೆ ಬಸ್ಸು ಎಂದೆ.

ಮರುದಿನ ಬೆಳಿಗ್ಗೆ ಅಪ್ಪ ಕೊಡೆ ಹಿಡಿದು ಅಂಕೋಲೆಯ ಬಸ್‌ಸ್ಟ್ಯಾಂಡಿಗೆ ಹೋದ. ಅದರ ಮರುದಿನವೂ ಹೋದ. ಮೂರನೆಯ ದಿನ, ನೀನೂ ಬಾ, ನೀನು ಕೂತ ಬಸ್ಸಿನ ಕಂಡಕ್ಟರನ ಗುರುತು ಸಿಕ್ಕಬಹುದು ಎಂದ. ಹೋದೆ. ಅಪ್ಪ ಕಂಟ್ರೋಲರನ ಕಿಟಕಿಯ ಮುಂದೆ ನಿಂತು, ಕೊಡೆಯನ್ನು ಕಂಕುಳಲ್ಲಿ ಒತ್ತಿ, ಎರಡೂ ಕೈಯಿಂದ ಅಳತೆ ತೋರಿಸುತ್ತ ಹೇಳುತ್ತಿದ್ದ: "ಕರೀದು. ಹೆಣ್ಮಕ್ಕಳದು. ಹೊಸದು. ಎಣ್ಣೆ ಹಾಕಿದ್ದೆ ನಾನು, ಮೂಸಿದ್ರೆ ಸಾಕು, ಗೊತ್ತಾಗ್ತದೆ."

"ಇವತ್ತೂ ಬಂದ್ಯಾ ಅಜ್ಜಾ? ಸಿಕ್ರೆ ನಾನೇ ಹೇಳಿ ಕಳಿಸ್ತೆ ಅಂದೆನಲ್ಲ" ಎಂದ ಕಿಟಕಿಯ ಒಳಗಿನವನು. ಆಮೇಲೆ ಹಿಂದೆ ನಿಂತಿದ್ದ ನನ್ನನ್ನು ನೋಡಿ, "ನಿಮ್ದೇನ್ರೀ? ಯಾವ ಸೀಟಲ್ಲಿ ಬಿಟ್ಟಿದ್ರಿ?" ಎಂದು ಕೇಳಿದ.

"ಬಾಗಿಲ ಹತ್ತಿರದ್ದು" ಎಂದೆ. ಅವನು ಅದನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡ.

ಮನೆಗೆ ಬಂದಾಗ ಹುಬ್ಬಳ್ಳಿಯ ಅರ್ಜಿ ಇಟ್ಟಿದ್ದ ಲಕೋಟೆಯನ್ನು ತಂಗಿ ಬಿಚ್ಚಿ, ಅದರೊಳಗಿನ ತನ್ನ ಎರಡು ಫೋಟೋ ತೆಗೆದಿಟ್ಟುಕೊಳ್ಳುತ್ತಿದ್ದಳು. ಸೋಮವಾರದಿಂದ ಬಾ ಎಂದು ಚಿಕ್ಕಮ್ಮ ಹೇಳಿ ಹೋಗಿದ್ದಳಂತೆ. ಶೆಡ್ಡಿನ ಗುರುತಿನ ಚೀಟಿಗೆ ಒಂದು ಫೋಟೋ ಸಾಕಂತೆ.

"ಸಿಕ್ತಾ?" ಎಂದು ಕೇಳಿದಳು.

ಇಲ್ಲ ಎಂದು ತಲೆಯಾಡಿಸಿದೆ. ನಾಳೆಯೂ ಒಮ್ಮೆ ಹೋಗಿ ನೋಡುತ್ತೇನೆ ಎನ್ನುತ್ತ ಅಪ್ಪ ಹೊರಗೆ ಕೊಡೆ ಬಿಡಿಸಿ ಒಣಗಲು ಇಡುತ್ತಿದ್ದ.