ಬಾಗಿಲು ತಡೆದ ಹಾಲವ್ವ

ಜೆರಾಕ್ಸ್ ಅಂಗಡಿಯಿಂದ ಬಂದ ಹಾಳೆ ಇನ್ನೂ ಬೆಚ್ಚಗಿತ್ತು. "ಅತ್ತೀ, ಅಣ್ಣನ ಮದುವಿಗೆ ಬಾಗ್ಲು ತಡಿಯೋ ಹಾಡು ಸಿಕ್ತು ನೋಡ್ರಿ" ಎಂದು ತಮ್ಮನ ಮಗಳು ಶೈಲಾ ಕೈಗಿತ್ತಳು. ನಲವತ್ತು ವರ್ಷದ ಹಿಂದೆ ನಾನೇ ಹಾಡು ಸಂಗ್ರಹಿಸಿ ತಂದ ಪುಸ್ತಕದ ಪುಟ ಅದು. ಕೆಳಗೆ ನನ್ನದೇ ಮಾತು: 'ಜನಪದ. ಕರ್ತೃ ಅಜ್ಞಾತ.'

ಆಗ ನಾನು ದಾವಣಗೆರೆಯಲ್ಲಿ ಪಾಠ ಹೇಳಲು ಶುರುಮಾಡಿದ್ದೆ. ಹೆಗಲಲ್ಲಿ ಇಟ್ಟಿಗೆ ತೂಕದ ಟೇಪ್‌ರೆಕಾರ್ಡರ್. ಜನಪದ ಉಳಿಸುವ ಗುತ್ತಿಗೆಯನ್ನು ದೇವರು ನನಗೊಬ್ಬಳಿಗೇ ಕೊಟ್ಟಂತೆ ಓಡಾಟ. ಕೊಂಡಜ್ಜಿ, ನಂದಿಗುಡಿ ಸುತ್ತಿ ಹರಿಹರಕ್ಕೆ ಬಂದಾಗ, ಹೊಳೆ ಹತ್ತಿರದ ಓಣಿಯಲ್ಲಿ ಹಾಲವ್ವ ಎಂಬ ಮುದುಕಿ ಚೆನ್ನಾಗಿ ಹಾಡುತ್ತಾಳೆಂದು ಯಾರೋ ಹೇಳಿದರು.

ಅಣ್ಣ ಹೆಂಡತಿಯನ್ನು ಕರೆತಂದಾಗ ತಂಗಿ ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದು ಹಾಡುತ್ತಾಳಲ್ಲ, ನಿಮಗೂ ಗೊತ್ತಿರುತ್ತದೆ. ನಿನ್ನ ಮಗಳನ್ನು ನನ್ನ ಮಗನಿಗೆ ಕೊಡು ಎಂದು ಕೇಳುವುದು ವಾಡಿಕೆ. ಹಾಲವ್ವ ಕೇಳಿದ್ದೇ ಬೇರೆ:

ಕೋಟೆ ಬಾಗಿಲಗುಳಿ ಮುರಿಯ ಹೊಂಟಣ್ಣಯ್ಯ
ಅಡಿಗಿಮನಿ ಅಗುಳಿ ತೆಗೆವರ್ಯಾರ ನಮ್ಮಣ್ಣ
ಒಳಗಿಂದ ತಂಗಿ ಕರೆದಾಳ

"ಇದು ನಂದು" ಅಂದಳು. "ನಮ್ಮಣ್ಣ ಸ್ವಾತಂತ್ರ್ಯ ಅಂತ ಜೈಲಿಗೆ ಹೋಗಿ ಬಂದಿದ್ದ. ಮದಿವಿ ಮಾಡ್ಕಂಡು ಬಂದಾಗ ಬಾಗ್ಲಾಗ ನಿಂತು ಕೇಳ್ದೆ. ಬ್ಯಾರೆ ದಿನ ಕೇಳಿದ್ರ ಬಿಡ್ತಿದ್ರೇನು? ಅವತ್ತು ಶಾಸ್ತ್ರ. ಯಾರೂ ಬ್ಯಾಡ ಅನ್ನಂಗಿಲ್ಲ."

ಕವಿಗಳಿಗೂ ಒಂದು ಕಟ್ಟಿದ್ದಳು. ನನ್ನ ಕಣ್ಣು ತಾವರೆ ಅಂತ ಹಾಡ್ತೀರಿ, ಆ ಕಣ್ಣಿಗೆ ಓದಾಕ ಒಂದು ಹಾಳಿ ಕೊಟ್ಟೀರೇನು ಎಂಬ ಹಾಡು.

ನಾನು ನಕ್ಕು ತಲೆಯಾಡಿಸಿದೆ. ಜನಪದಕ್ಕೆ ಒಡೆಯರಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವಳು, ಮುದುಕಿಯ ಮಾತು ನಂಬುತ್ತೇನೆಯೇ? ಅಕ್ಷರ ಬಾರದವಳು ಕವಿ ಹೇಗಾದಾಳು? ಅಕ್ಷರ ಬರುತ್ತದೆಯೇ ಎಂದು ಕೇಳಿದವಳೂ ಅಲ್ಲ, ಬಾರದೆಂದು ನಾನೇ ತೀರ್ಮಾನಿಸಿದ್ದೆ.

ಪುಸ್ತಕ ಬಂದಮೇಲೆ ಒಂದು ಪ್ರತಿ ಕೊಡಲು ಹೋದೆ. ಹಾಲವ್ವ ಕನ್ನಡಕ ಏರಿಸಿ, ಬೆರಳಿಟ್ಟು, ಗಟ್ಟಿಯಾಗಿ ಓದಿದಳು. ಅಣ್ಣ ಜೈಲಿನಿಂದ ಬರೆದ ಕಾಗದ ಓದಲೆಂದೇ ಅಕ್ಷರ ಕಲಿತಿದ್ದಳಂತೆ. ಕೊನೆಯ ಸಾಲಿಗೆ ಬೆರಳು ನಿಂತಿತು.

"ಅಜ್ಞಾತ ಅಂದ್ರ ಯಾರವ್ವ? ನಾನಾ?"

ಮುಂದಿನ ಮುದ್ರಣದಲ್ಲಿ ಸರಿಮಾಡುವೆ ಎಂದು ತೊದಲಿದೆ. ಅವಳು ಬಯ್ಯಲಿಲ್ಲ, ಮಂಡಕ್ಕಿ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಆ ಪುಸ್ತಕಕ್ಕೆ ಮರುಮುದ್ರಣ ಬರಲೇ ಇಲ್ಲ. ಹಾಲವ್ವ ತೀರಿಕೊಂಡಳು. ನಾನು ಬಡ್ತಿ ಪಡೆದು ನಿವೃತ್ತಳಾದೆ.

ಮೊನ್ನೆ ಮದುವೆ ಮುಗಿದು ಗಂಡು ಹೆಣ್ಣು ಮನೆಗೆ ಬಂದರು. ಶೈಲಾ ಬಾಗಿಲು ತಡೆದು ಅದೇ ಹಾಡು ಹಾಡಿದಳು. ವಾಡಿಕೆಯಂತೆ ಅವನು ಹೆಂಡತಿಯ ಹೆಸರು ಹೇಳಿದ, ಅವಳು ಗಂಡನ ಹೆಸರು ಹೇಳಿದಳು. ಶೈಲಾ ಕೈ ತೆಗೆದಳು. ನಾನು ಅಡ್ಡ ಹಿಡಿದೆ.

"ಇನ್ನೊಂದು ಹೆಸರು ಐತೆ. ಈ ಹಾಡು ಕಟ್ಟಿದಾಕೀದು. ಅದನ್ನ ಹೇಳಿದ್ರೇ ಒಳಗ."

"ಯಾಕಕ್ಕ ಸತಾಯಿಸ್ತೀ, ಹೊತ್ತು ಮೀರ್ತೈತೆ" ಎಂದ ತಮ್ಮ. "ಜನಪದ ಅಂತ ಬರ್ದೈತಲ್ಲ?"

"ಬರ್ದಾಕಿ ನಾನೇ. ತಪ್ಪು ಬರ್ದೀನಿ."

ನಲವತ್ತು ವರ್ಷ ಹೇಳದೆ ಉಳಿದಿದ್ದ ಮಾತು ನಾಲ್ಕು ಜನರೆದುರು ಎಷ್ಟು ಸಲೀಸಾಗಿ ಬಂತು! ಶಾಸ್ತ್ರ ತಾನೇ, ಯಾರೂ ಬೇಡ ಅನ್ನುವಂತಿಲ್ಲ.

ಹೊಸ ಸೊಸೆ ಕುಕ್ಕುವಾಡದವಳು. ಹೊಸ್ತಿಲ ಮೇಲಿನ ಅಕ್ಕಿ ಸೇರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹೇಳಿಕೊಡ್ರಿ" ಅಂದಳು. ಕಿವಿಯಲ್ಲಿ ಹೇಳಿದೆ.

"ಹರಿಹರದ ಹಾಲವ್ವ!" ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಬರ್ರಿ ಒಳಗ" ಎಂದು ಕೈ ತೆಗೆದೆ.