ಭಾವನೂ ಹಲಗೆ ಮೇಲಿನ ಗಾಳಿಯೂ

ನಮ್ಮ ಭಾವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಬೌಂಡರಿ ಲೇಯರ್ ಪಾಠ ಮಾಡಿದರು. ಮಾಡಿದರು ಅನ್ನುವುದಕ್ಕಿಂತ ಬೋರ್ಡಿಗೆ ಮುಖ, ಮಕ್ಕಳಿಗೆ ಬೆನ್ನು ಕೊಟ್ಟು ಸೂತ್ರ ಇಳಿಸಿದರು ಅನ್ನಬೇಕು. ಯಾರಾದರೂ ಅನುಮಾನ ಕೇಳಿದರೆ "ಪರೀಕ್ಷೆಗೆ ಅದು ಬರಲ್ಲ, ಕೂತ್ಕೋ" ಎನ್ನುತ್ತಿದ್ದರು. ಹಿರಿಯರೆಲ್ಲ ನಿವೃತ್ತರಾದ ಪುಣ್ಯದಿಂದ ವಿಭಾಗದ ಮುಖ್ಯಸ್ಥರೂ ಆದರು. ನಾನು ಅವರ ಲ್ಯಾಬಿನಲ್ಲೇ ಮೆಕ್ಯಾನಿಕ್. ಮನೆಯಲ್ಲಿ ಭಾವ, ಕಾಲೇಜಿನಲ್ಲಿ ಸರ್. ಎರಡೂ ಕಡೆ ಅವರ ಮಾತೇ ಮಾತು.

ಒಂದು ವರ್ಷ ಲ್ಯಾಬಿಗೆ ಹೊಸ ಗಾಳಿ ಸುರಂಗ ಬಂತು. ಕೋಣೆಯುದ್ದದ ಚೌಕ ಕೊಳವೆ, ಒಂದು ತುದಿಗೆ ದೊಡ್ಡ ಫ್ಯಾನು, ನಡುವೆ ಗಾಜಿನ ಕಿಟಕಿ. ಒಳಗೆ ನುಣುಪಾದ ಲೋಹದ ಹಲಗೆ, ಅದರ ಮೇಲೆ ಗಾಳಿಯ ವೇಗ ಅಳೆಯುವ ಸೂಜಿಯಂಥ ನಳಿಗೆ. ಭಾವ ತಾವೇ ತಿರುಪು ತಿರುಗಿಸಿ ಸೂಜಿ ಇಳಿಸಿದರು. ಮೇಲೆ ಇಪ್ಪತ್ತು ತೋರಿಸುತ್ತಿದ್ದ ಮೀಟರು ಹಲಗೆ ಹತ್ತಿರವಾದಂತೆ ಹದಿನೈದಾಯಿತು, ಎಂಟಾಯಿತು, ಕೊನೆಗೆ ಮೂರು.

"ಮೀಟರ್ ಕೆಟ್ಟಿದೆ" ಎಂದರು.

"ಸರ್, ಹಲಗೆ ಹತ್ರ ಗಾಳಿನೇ ನಿಧಾನ ಇರಬಹುದು."

"ಒಂದೇ ಫ್ಯಾನು, ಒಂದೇ ಗಾಳಿ. ಅಲ್ಲೊಂದು ವೇಗ ಇಲ್ಲೊಂದು ವೇಗ ಹೇಗಯ್ಯಾ ಇರುತ್ತೆ? ನೀನು ಸ್ಪ್ಯಾನರ್ ಹಿಡಿ ಸಾಕು."

ಕಂಪನಿಗೆ ಎರಡು ಪುಟದ ಖಾರದ ದೂರು ಹೋಯಿತು. ಬೇರೆ ಮೀಟರು ಬಂತು. ಅದೂ ಮೂರಕ್ಕೇ ಇಳಿಯಿತು. ಎರಡನೇ ದೂರು ಹೋದ ಮೇಲೆ ಕಂಪನಿಯ ಟೆಕ್ನಿಷಿಯನ್ ಹುಡುಗಿಯೊಬ್ಬಳು ಬಂದಳು. ಸೂಜಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಏರಿಸುತ್ತ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟಳು. ಸೊಗಸಾದೊಂದು ಬಾಗು ಗೆರೆ ಮೂಡಿತು.

"ಸರ್, ಹಲಗೆಗೆ ತಾಗಿದ ಗಾಳಿ ಅಲ್ಲೇ ಅಂಟಿಕೊಂಡು ನಿಂತುಬಿಡುತ್ತೆ. ಅದು ತನ್ನ ಮೇಲಿನ ಪದರವನ್ನ ಹಿಂದಕ್ಕೆ ಜಗ್ಗುತ್ತೆ, ಆ ಪದರ ಅದರ ಮೇಲಿನದನ್ನ. ಒಂದು ಬೆರಳು ದಪ್ಪ ಮೇಲೆ ಹೋದ್ರೆ ಪೂರ್ತಿ ವೇಗ. ಈ ನಿಧಾನದ ಪದರನೇ ಬೌಂಡರಿ ಲೇಯರ್." ಆಮೇಲೆ ಕುಹಕವಿಲ್ಲದೆಯೇ ಕೇಳಿದಳು: "ಇಲ್ಲಿ ಈ ಪಾಠ ಯಾರು ಮಾಡ್ತಾರೆ ಸರ್?"

ಭಾವ ಕನ್ನಡಕ ಒರೆಸಿಕೊಂಡರು. "ನನಗೆ ಗೊತ್ತಿತ್ತಮ್ಮ. ನಿಮ್ಮ ಕಂಪನಿಗೆ ಗೊತ್ತಿದೆಯಾ ಅಂತ ನೋಡಿದೆ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಸಂಜೆ ಮನೆಗೆ ಹೋದಾಗ ಅಕ್ಕ, "ಇವರಿಗೇನಾಗಿದೆಯೋ? ಬಂದಾಗಿನಿಂದ ಬಾಗಿಲು ಹಾಕ್ಕೊಂಡು ಕೂತಿದಾರೆ" ಎಂದಳು. ಇಣುಕಿದೆ. ತಾವೇ ಪಾಠ ಮಾಡುವ ಪುಸ್ತಕವನ್ನು ಮೊದಲ ಸಲವೆಂಬಂತೆ ಸಾಲಿಗೆ ಬೆರಳಿಟ್ಟು ಓದುತ್ತಿದ್ದರು. ನನಗೆ ಅಯ್ಯೋ ಅನಿಸಿತು, ಸುಳ್ಳು ಹೇಳುವುದಿಲ್ಲ.

ಅದು ಒಂದೇ ರಾತ್ರಿಯ ಬಾಳಿಕೆಯದು. ಮರುದಿನ ಆ ಗ್ರಾಫಿನ ಕೆಳಗೆ ತಮ್ಮ ಹೆಸರು, ಹುದ್ದೆ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿದರು. ಈಗ ಮಕ್ಕಳು ಕಲಿಯುವುದು ಆ ಹಾಳೆ ನೋಡಿಯೇ. ಕೇಳಿದವರಿಗೆ ಚುಕ್ಕೆ ಇಟ್ಟ ಹುಡುಗಿಯ ವಿಷಯ ನಾನು ಹೇಳುತ್ತೇನೆ.