ಐಸ್‌ಲ್ಯಾಂಡಿನ ರಾಷ್ಟ್ರಗೀತೆ ಮತ್ತು ದೊಡ್ಡಪ್ಪನ ಹಲ್ಲು

ಮೊನ್ನೆ ಪಕ್ಕದ ಫ್ಲಾಟಿನವರು ಬಾಗಿಲಿನ ಹಿತ್ತಾಳೆ ಹಿಡಿಗೆ ಪಾಲಿಶ್ ಹಚ್ಚಿ ಉಜ್ಜುತ್ತಿದ್ದರು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂತು ಸುಸ್ತಾಗಿ ಬಂದವಳಿಗೆ ಆ ಘಾಟು ಮೂಗಿಗೆ ಬಡಿದದ್ದೇ ತಡ, ಬಾಗಲಗುಂಟೆಯ ನಮ್ಮ ಹೆಂಚಿನ ಮನೆ ಕಣ್ಣಮುಂದೆ ಬಂತು. ಆ ಮನೆ ಈಗಿಲ್ಲ, ಅಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡವಿದೆ. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಸರ್ಕಾರಿ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದರು. ಸಂಜೆ ನಡುಮನೆಯಲ್ಲಿ ಕೂತು ಆ ಗಿಡ್ಡ ತುತ್ತೂರಿಯನ್ನು ಇದೇ ವಾಸನೆಯ ಪಾಲಿಶ್ ಹಾಕಿ ಉಜ್ಜುವರು. ಯಾವುದಾದರೂ ದೇಶದ ಅತಿಥಿ ಬರುತ್ತಾರೆಂದರೆ ಆ ದೇಶದ ರಾಷ್ಟ್ರಗೀತೆಯ ಅಭ್ಯಾಸ ಮನೆಯಲ್ಲೂ ನಡೆಯುತ್ತಿತ್ತು. ಆಗ ಎಲ್ಲರೂ ಎದ್ದು ನಿಲ್ಲಬೇಕು. ಅದು ದೊಡ್ಡಮ್ಮನ ಕಾನೂನು. "ಯಾರ್ ದೇಶದ್ದಾದ್ರೇನು, ರಾಷ್ಟ್ರಗೀತೆ ಅಂದ್ಮೇಲೆ ರಾಷ್ಟ್ರಗೀತೆನೇ. ಇಂಗೆ ಕೂತಿರೋದಾ? ಏಳ್ರಿ ಮೇಲೆ!" ಅನ್ನುತ್ತಾ ತಾವೂ ಸೌಟು ಹಿಡಿದೇ ನಿಲ್ಲುತ್ತಿದ್ದರು. ಜಪಾನಿಗೂ ನಿಂತಿದ್ದೇವೆ, ಬ್ರೆಜಿಲ್ಲಿಗೂ ನಿಂತಿದ್ದೇವೆ. ಒಲೆಯ ಮೇಲಿನ ಹಾಲು ಎಷ್ಟು ದೇಶಗಳಿಗೆ ಉಕ್ಕಿ ಹೋಯಿತೋ.

ದೊಡ್ಡಪ್ಪನ ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಐಸ್‌ಲ್ಯಾಂಡಿನ ಸರದಿ ಬಂತು. ಅದರ ರಾಗ ಕಟ್ಟಿದವನು ತನ್ನ ನಾಡು ಬಿಟ್ಟು ಪರದೇಶದಲ್ಲಿ ಕೂತು ಕಟ್ಟಿದನಂತೆ. ಅದಕ್ಕೇ ಅಷ್ಟು ಎತ್ತರದಲ್ಲಿ ಕೂಗಿ ಕರೆದಿದ್ದಾನೆ ಎಂದು ದೊಡ್ಡಪ್ಪ ಹೇಳುತ್ತಿದ್ದರು. ಆ ಎತ್ತರದ ಭಾಗ ಊದಬೇಕಾದವರು ಅವರೇ. ಆದರೆ ಅವರ ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು. ಹಲ್ಲಿನ ಆಸರೆಯಿಲ್ಲದೆ ತುಟಿಗೆ ಬಿಗಿ ಬರುವುದಿಲ್ಲ, ಮೇಲಿನ ಸ್ವರ ಹತ್ತುವುದಿಲ್ಲ. ಬ್ಯಾಂಡಿನಲ್ಲಿ ಯಾರಿಗೂ ಹೇಳದೆ, ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಉಂಡು, ಮನೆಯಲ್ಲಿ ಮತ್ತೆ ಮತ್ತೆ ಊದಿದರು. ಆ ಜಾಗಕ್ಕೆ ಬಂದಾಗೆಲ್ಲ ಸ್ವರ ಒಡೆಯುತ್ತಿತ್ತು; ಮತ್ತೆ ಮೊದಲಿಂದ. ಗೀತೆ ಮುಗಿಯದೆ ನಾವು ಕೂರುವಂತಿಲ್ಲ. ಒಂದು ಸಂಜೆ ಆರನೇ ಸಲವೋ ಏಳನೇ ಸಲವೋ, ಸ್ವರ ಏರುತ್ತಿರುವಾಗಲೇ, ಕಾಲು ಸೋತು ನಾನು ಧೊಪ್ಪನೆ ಕೂತುಬಿಟ್ಟೆ. ಆಗ ನಾನು ನಾಲ್ಕನೇ ಕ್ಲಾಸು. ದೊಡ್ಡಪ್ಪ ಊದುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಬೈಯಲಿಲ್ಲ. "ಮಗೂಗೇ ಸಾಕಾಗೋಯ್ತು ಕಣೇ. ಇನ್ ನನ್ ಕೈಲಾಗಲ್ಲ, ಬಿಡು," ಎಂದು ದೊಡ್ಡಮ್ಮನಿಗೆ ಹೇಳಿ ಕಾರ್ನೆಟ್ಟನ್ನು ಪೆಟ್ಟಿಗೆಯಲ್ಲಿಟ್ಟರು. ಮರುದಿನ ಆ ಭಾಗವನ್ನು ಕಿರಿಯರೊಬ್ಬರಿಗೆ ಬಿಟ್ಟುಕೊಟ್ಟು, ಹಲ್ಲು ಕೀಳಿಸಿಕೊಂಡು ಬಂದರು. ಆಮೇಲೆ ನಮ್ಮ ಮನೆಯಲ್ಲಿ ಯಾವ ದೇಶದ ಗೀತೆಯೂ ಕೇಳಲಿಲ್ಲ.

ಈಗ ದೊಡ್ಡಪ್ಪನೂ ಇಲ್ಲ, ದೊಡ್ಡಮ್ಮನೂ ಇಲ್ಲ. ಮೊನ್ನೆ ಒಳಗೆ ಬಂದವಳೇ, ಬ್ಯಾಗನ್ನೂ ಕೆಳಗಿಡದೆ, ಫೋನಿನಲ್ಲಿ ಆ ಗೀತೆ ಹುಡುಕಿ ಹಾಕಿದೆ. ಇಷ್ಟು ವರ್ಷ ಅದನ್ನು ಕೇಳುವ ಧೈರ್ಯವೇ ಆಗಿರಲಿಲ್ಲ. ದೊಡ್ಡಪ್ಪನ ಸ್ವರ ಒಡೆಯುತ್ತಿದ್ದ ಜಾಗ ಬಂತು, ದಾಟಿತು. ಅದರಾಚೆ ಇನ್ನೂ ಎಷ್ಟೋ ಇದೆಯೆಂದು ತಿಳಿದಿದ್ದೆ. ಇರಲಿಲ್ಲ. ರಾಗ ಅಲ್ಲಿಂದ ಮೆತ್ತಗೆ ಇಳಿದು, ಸ್ವಲ್ಪ ಹೊತ್ತಿನಲ್ಲೇ ಮುಗಿದುಹೋಯಿತು. ಅಷ್ಟು ಹೊತ್ತು ನಾನು ನಿಂತಿರಬಹುದಿತ್ತು.